ಭಾವನ ಕರಿ ಚಾಕು, ನನ್ನ ಬಿಳಿ ಚಾಕು

ನನ್ನ ಪ್ಯಾಂಟಿನ ಬಲಗಡೆಯ ಜೇಬಿನಲ್ಲಿ ಸದಾ ಒಂದು ಚಾಕು ಇರುತ್ತದೆ ಎಂದರೆ ನೀವು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತೀರಿ. ಸರಿಸಬೇಡಿ. ಅದು ಮಡಚುವ ಚಾಕು. ಇದುವರೆಗೆ ಅದಕ್ಕೆ ಬಲಿಯಾದದ್ದು ಪೇರಲಹಣ್ಣು, ಸೌತೆಕಾಯಿ ಮತ್ತು ಕೊರಿಯರ್ ಡಬ್ಬಗಳು ಮಾತ್ರ. ಅಷ್ಟಕ್ಕೂ ನನ್ನ ಕಾಯಿಲೆ ಚಾಕು ಇಟ್ಟುಕೊಳ್ಳುವುದಲ್ಲ, ಅದರ ಉಕ್ಕಿನ ಬಗ್ಗೆ ಮಾತಾಡುವುದು. ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಕುರ್ಚಿ ಕೊನೆಯವರೆಗೂ ಖಾಲಿ ಉಳಿಯುವುದು ಇದೇ ಕಾರಣಕ್ಕೆ. ನನ್ನ ಮಗಳು ಹುಟ್ಟಿ ಬೆಳೆದದ್ದೆಲ್ಲ ಸಂಭಾಜಿನಗರದಲ್ಲಿ. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬಾಯಿ ಬಾರದು. ನಾನು "ಈ ಉಕ್ಕಿನಾಗ ಕ್ರೋಮಿಯಂ..." ಎಂದು ಶುರು ಮಾಡಿದರೆ ಸಾಕು, "ಪಪ್ಪಾ, ಬಸ್ ಕರಾ ನಾ!", ಸಾಕು ಮಾಡಿ, ಎಂದು ಮರಾಠಿಯಲ್ಲಿ ಕೈಮುಗಿಯುತ್ತಾಳೆ. ಹೆಂಡತಿಯದು ಇನ್ನೊಂದು ರೀತಿ. "ಮೊದ್ಲ ಈಳಗಿ ಮ್ಯಾಲ ಕುಂತು ನಾಕು ಉಳ್ಳಾಗಡ್ಡಿ ಹೆಚ್ಚಿ ಕೊಡ್ರಿ. ಆಮ್ಯಾಲ ನಿಮ್ಮ ಉಕ್ಕಿನ ಪುರಾಣ ಹೇಳೀರಂತ."

ತಪ್ಪು ನನ್ನದಲ್ಲ, ಹೊಟ್ಟೆಪಾಡಿನದು. ಬೀದರ್ ಕಡೆಯಿಂದ ಬಂದ ನಾನು ಊರಾಚೆಯ ವಾಳೂಜಿನ ಒಂದು ಕಾರ್ಖಾನೆಯಲ್ಲಿ ಉಕ್ಕಿನ ಗಡಸುತನ ಅಳೆಯುತ್ತೇನೆ. ಯಂತ್ರ ವಜ್ರದ ಮೊನೆಯನ್ನು ಉಕ್ಕಿಗೆ ಒತ್ತಿ ಒಂದು ಅಂಕಿ ತೋರಿಸುತ್ತದೆ, ನಾನು ಪಾಸು ಅಥವಾ ನಾಪಾಸು ಎನ್ನುತ್ತೇನೆ. ಇಷ್ಟು ವರ್ಷಗಳಲ್ಲಿ ನನಗೆ ತಿಳಿದದ್ದೆಂದರೆ ಉಕ್ಕಿನ ಬದುಕೂ ಬಹಳ ಸುಖದ್ದಲ್ಲ. ಗಡಸಾದದ್ದು ಹರಿತವನ್ನು ಬಹುಕಾಲ ಕಾಯುತ್ತದೆ, ಆದರೆ ಪೆಟ್ಟು ಬಿದ್ದರೆ ಅಂಚು ಚಕ್ಕೆ ಏಳುತ್ತದೆ. ಮೆದುವಾದದ್ದು ಪೆಟ್ಟು ತಡೆಯುತ್ತದೆ, ಬೇಗ ಮೊಂಡಾಗುತ್ತದೆ. ಬರೀ ಕಾರ್ಬನ್ ಉಕ್ಕು ಎರಡು ಸಲ ಕಲ್ಲಿಗೆ ಉಜ್ಜಿದರೆ ಕೂದಲು ಸೀಳುವಷ್ಟು ಹರಿತವಾಗುತ್ತದೆ, ಆದರೆ ಒರೆಸದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು. ಸ್ಟೇನ್‌ಲೆಸ್‌ಗೆ ಅದರಲ್ಲಿನ ಕ್ರೋಮಿಯಂನಿಂದಾಗಿ ತುಕ್ಕಿನ ಕಾಟ ಕಡಿಮೆ. ಇನ್ನು ಲೋಹದ ಪುಡಿಯಿಂದ ಮಾಡುವ ದುಬಾರಿ ಉಕ್ಕೊಂದಿದೆ; ಅದು ಹರಿತ ಬಿಡುವುದಿಲ್ಲ, ಬಿಟ್ಟಿತೋ, ಮನೆಯ ಸಾಣೆಗೆ ಬಗ್ಗುವುದಿಲ್ಲ. ಎಲ್ಲ ಗುಣವೂ ಇರುವ ಉಕ್ಕು ಇಲ್ಲ, ಎಲ್ಲ ಗುಣವೂ ಇರುವ ಅಳಿಯನೂ ಇಲ್ಲ. ಆದರೂ ಜನ ಹುಡುಕುವುದನ್ನು ಬಿಡುವುದಿಲ್ಲ.

ಇದನ್ನೆಲ್ಲ ಕೇಳಿಸಿಕೊಳ್ಳುವ ಒಬ್ಬರೇ ಒಬ್ಬರು ಲೋಕದಲ್ಲಿದ್ದಾರೆ. ಅವರು ನಾಸಿಕ್ ರೋಡಿನಲ್ಲಿರುವ ನನ್ನ ಭಾವ, ಅಕ್ಕನ ಗಂಡ. ಕೇಳಿಸಿಕೊಳ್ಳುವುದು ಒಪ್ಪಲಿಕ್ಕಲ್ಲ, ಜಗಳಕ್ಕೆ. ಅವರದು ಉಳ್ಳಾಗಡ್ಡಿ ವ್ಯಾಪಾರ. ಚೀಲ ಬಿಚ್ಚಿ, ಗಡ್ಡೆ ಕೊಯ್ದು ನೋಡಲು ಅವರ ಬಳಿ ಮರದ ಹಿಡಿಯ ಒಂದು ಹಳೆಯ ಕಾರ್ಬನ್ ಚಾಕು. ಉಳ್ಳಾಗಡ್ಡಿಯ ರಸ ಕುಡಿದು ಕುಡಿದು ಅದರ ಅಲಗು ಒಲೆಯೊಳಗಿನಿಂದ ತೆಗೆದಂತೆ ಕಪ್ಪಾಗಿದೆ. ನಾನು ಹೋದಾಗಲೆಲ್ಲ ಹೊಳೆಯುವ ನನ್ನ ಸ್ಟೇನ್‌ಲೆಸ್ ಚಾಕು ತೆಗೆಯುತ್ತಿದ್ದೆ. "ಏನೋ ಇದು, ಮುಖಾ ನೋಡ್ಕೊಳ್ಳಾಕ ತಂದೀಯೇನು?" ಎನ್ನುತ್ತಿದ್ದರು. "ನಿಮ್ಮ ಚಾಕುಲೆ ಸೇಬು ಕೊಯ್ದ್ರ ಸೇಬು ಹೋಗಿ ಕಬ್ಬಿಣದ ರುಚಿ ಹತ್ತತದ್ರಿ ಭಾವ" ಎನ್ನುತ್ತಿದ್ದೆ ನಾನು. ಅಕ್ಕ ಎರಡು ಸಲ ಚಹಾ ಮಾಡಿ ಮುಗಿಸಿದರೂ ನಮ್ಮದು ಮುಗಿಯುತ್ತಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಅಕ್ಕ ಬಹಳ ಕಟ್ಟುನಿಟ್ಟು. ಚಾಕುವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡಬಾರದು, ಕೊಟ್ಟರೆ ಜಗಳವಾಗುತ್ತದೆ. ನೆಲಕ್ಕಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಹಾಗೆ ಪ್ರತಿ ಸಲವೂ ನೆಲಕ್ಕಿಟ್ಟು, ಎತ್ತಿಕೊಂಡು, ನಾವು ಸಂಜೆತನಕ ಜಗಳವಾಡುತ್ತಿದ್ದೆವು. ಅಪ್ಪ ತೀರಿದ ಮೇಲೆ ನನ್ನನ್ನು ಬೈಯುವ ಹಕ್ಕು ಇಟ್ಟುಕೊಂಡವರು ಅವರೊಬ್ಬರೇ. ಅವರೆಂದರೆ ನನಗೆ ಪ್ರಾಣ. ಅದನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲದ್ದರಿಂದ ಕ್ರೋಮಿಯಂ ಬಗ್ಗೆ ಹೇಳುತ್ತಿದ್ದೆ.

ಈ ವರ್ಷ ಭಾವನಿಗೆ ಹೊಟ್ಟೆಯ ಆಪರೇಷನ್ ಆಯಿತು. ಹೊಟ್ಟೆಗೆ ಏನಾದರೂ ಹೋದರೆ ಮಾತ್ರ ಚೇತರಿಸಿಕೊಳ್ಳುತ್ತಾರೆ ಎಂದರು ಡಾಕ್ಟರು. ಭಾವನಿಗೋ ಅನ್ನ ಕಂಡರಾಗದು. "ಊಟಾ ಬಿಟ್ಟಾರೋ ತಮ್ಮಾ. ಮಾತೂ ಬಿಟ್ಟಾರ. ಗ್ವಾಡಿಕಡೆ ಮುಖಾ ಮಾಡಿ ಮಲಕೋತಾರ" ಎಂದು ಅಕ್ಕ ಫೋನಿನಲ್ಲಿ ಅತ್ತಳು. ನಾನು ಔಷಧಿ ಒಯ್ಯುವವನ ಹಾಗೆ, ಆಗಷ್ಟೇ ತರಿಸಿದ್ದ ಪುಡಿ ಉಕ್ಕಿನ ಹೊಸ ಚಾಕುವನ್ನು ಜೇಬಿಗಿಳಿಸಿ ಬಸ್ ಹತ್ತಿದೆ. ಭಾವ ಹಾಸಿಗೆಯಲ್ಲಿ ಅರ್ಧ ಆಗಿದ್ದರು. ಅವರೆದುರು ಕೂತು, ಅಲಗನ್ನು ಬೆಳಕಿಗೆ ಹಿಡಿದು ಹಿಡಿದು, ಒಂದು ಸೇಬನ್ನು ಹಪ್ಪಳಕ್ಕಿಂತ ತೆಳ್ಳಗೆ ಕೊಯ್ದೆ. ಅವರು ಒಂದು ಹೋಳನ್ನೂ ಮುಟ್ಟಲಿಲ್ಲ. ಹೋಗಲಿ, ಅದು ಯಾವ ಉಕ್ಕು ಎಂದು ಕೂಡ ಕೇಳಲಿಲ್ಲ. ಡಾಕ್ಟರ ಮಾತಿಗೆ ಹೆದರದಿದ್ದ ನಾನು ಆಗ ಹೆದರಿಬಿಟ್ಟೆ.

ಹೊರಡುವಾಗ ಭಾವ ದಿಂಬಿನ ಕೆಳಗಿನಿಂದ ಕರಿ ಚಾಕು ತೆಗೆದು ನನ್ನ ಕಡೆ ಚಾಚಿದರು. "ತೊಗೊ. ಇನ್ನ ನಂಗ ಇದರ ಕೆಲಸಿಲ್ಲ."

ಅಕ್ಕ ಗಾಬರಿಯಾದಳು. "ಅಯ್ಯ, ಕೈಯಾಗ ಕೊಡಬ್ಯಾಡ್ರಿ, ಕೆಳಗ ಇಡ್ರಿ. ಜಗಳಾ ಆಗ್ತದ."

"ಆಗಲಿ ಬಿಡು" ಎಂದರು ಭಾವ. "ಜಗಳಾ ಆಗಬೇಕಂದ್ರ ಇಬ್ರೂ ಇರಬೇಕಲ್ಲ."

ನನ್ನ ಅಂಗೈಗೆ ಚಾಕು ಒತ್ತಿ, ಅವರು ಗೋಡೆ ಕಡೆ ತಿರುಗಿದರು.

ದಾರಿಯುದ್ದಕ್ಕೂ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಬಂದೆ. ಮರುದಿನ ಮನೆಯಲ್ಲಿ ಕಳಿತ ಟೊಮ್ಯಾಟೊ ಹಣ್ಣೊಂದನ್ನು ಮುಂದಿಟ್ಟುಕೊಂಡೆ. ನನ್ನ ದುಬಾರಿ ಚಾಕು ಸಿಪ್ಪೆಯ ಮೇಲೆ ಒಂದಿಷ್ಟು ಯೋಚಿಸಿ ಒಳಗೆ ಹೋಯಿತು. ಭಾವನದು ತನ್ನ ತೂಕಕ್ಕೇ ಇಳಿಯಿತು. ಯಂತ್ರಕ್ಕೆ ಕೊಟ್ಟರೆ ನನ್ನ ಚಾಕುವಿಗೇ ಹೆಚ್ಚು ಅಂಕಿ, ಅದರಲ್ಲಿ ಅನುಮಾನವಿಲ್ಲ. ಆದರೆ ಟೊಮ್ಯಾಟೊಗೆ ಅಂಕಿ ಓದಲು ಬರುವುದಿಲ್ಲ. ಇದನ್ನು ಹೇಳಿ ಅವರನ್ನು ಸಂತೋಷಪಡಿಸೋಣವೆಂದು ಫೋನ್ ಮಾಡಿದೆ. ಅಕ್ಕ ಅವರ ಕಿವಿಗೆ ಹಿಡಿದಳು. ಆ ಕಡೆ ಬರೀ ಉಸಿರು. ಸೋತೆನೆಂದು ಒಪ್ಪಿಬಿಟ್ಟರೆ ನಮ್ಮಿಬ್ಬರ ನಡುವೆ ಇನ್ನೇನು ಮಾತು ಉಳಿಯಿತು? ನನ್ನ ಬಾಯಿಂದ ಬೇರೆಯೇ ಬಂತು. "ಏನ್ರಿ ಭಾವ, ಹೊರಸಿನ ಪಟ್ಟಿಯಂಥಾ ಮೊಂಡ ಚಾಕು ಕೊಟ್ಟೀರಿ. ಟೊಮ್ಯಾಟೊ ಹರೀವಲ್ದು, ಜಜ್ಜಲಿಕತ್ತದ."

ಉಸಿರು ನಿಂತಿತು. ಆಮೇಲೆ ಕೆಮ್ಮು, ಕೆಮ್ಮಿನ ನಡುವೆ ಬೈಗುಳ. ನನ್ನ ಕೈ ಸರಿಯಿಲ್ಲ, ಒರೆಸದೆ ಇಟ್ಟಿದ್ದೇನೆ, ಟೊಮ್ಯಾಟೊ ಕೊಳೆತದ್ದು, ನನಗೆ ಕೆಲಸ ಕೊಟ್ಟ ಕಾರ್ಖಾನೆಯವರಿಗೆ ಕಣ್ಣಿಲ್ಲ. ಕಣ್ಣಲ್ಲಿ ನೀರು ಬರುತ್ತಿದ್ದರೂ ನಾನು ಒಂದೊಂದಕ್ಕೂ ಎದುರುತ್ತರ ಕೊಟ್ಟೆ. ಸಂಜೆ ಅಕ್ಕ ತಾನೇ ಫೋನ್ ಮಾಡಿದಳು. "ಅರ್ಧ ರೊಟ್ಟಿ ಸಾರಿನಾಗ ನೆನಸಿ ಉಂಡಾರೋ! ನೀ ನಾಳಿಗೂ ಜಗಳಾ ತೆಗಿ." ಅಂದಿನಿಂದ ದಿನವೂ ತೆಗೆಯುತ್ತಿದ್ದೇನೆ. ಇದ್ದದ್ದನ್ನು ಇದ್ದ ಹಾಗೆ ಹೇಳಲು ಸಂಬಳ ಪಡೆಯುವವನು, ಒಳ್ಳೆಯ ಉಕ್ಕಿಗೆ ದಿನಾ ನಾಪಾಸು ಹಾಕುತ್ತಿದ್ದೇನೆ. ಮೊನ್ನೆ ಭಾವನಿಗೆ ತಡೆಯಲಾಗಲಿಲ್ಲ. "ಐತವಾರ ಅದನ್ನ ತೊಗೊಂಡ್ ಬಾ. ನಾ ಎದ್ದು ಕುಂತು ಮಸದು ತೋರಸ್ತೀನಿ" ಎಂದರು.

ಇಂದು ಆ ಐತವಾರ, ಕಾರ್ಖಾನೆಗೆ ರಜೆ. ಭಾವನ ಕರಿ ಚಾಕು ಮೊಂಡಾಗಿಲ್ಲ. ಅದಕ್ಕೇ ನಾನು ಹಿತ್ತಲಿನ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೇನೆ. ಹೆಂಡತಿ ಬಂದು ನೋಡಿದಳು. "ಮಂದಿ ಚಾಕು ಮಸೀತಾರ. ನೀವೇನ್ರಿ ಮೊಂಡ ಮಾಡ್ಲಿಕತ್ತೀರಿ?" ಕಡಿಮೆ ಮೊಂಡಾದರೆ ನನ್ನ ಸುಳ್ಳು ಸಿಕ್ಕಿಬೀಳುತ್ತದೆ; ಹೆಚ್ಚಾದರೆ ಅವರ ಸೋತ ಕೈಗೆ ಮಸೆಯಲು ಆಗುವುದಿಲ್ಲ. ಭಾವನ ಕೈಯಲ್ಲಿ ಈಗ ಎಷ್ಟು ಬಲ ಉಳಿದಿದೆಯೋ ಅಷ್ಟೇ ಮೊಂಡಾಗಬೇಕು. ಅದನ್ನು ಅಳೆಯುವ ಯಂತ್ರ ನಮ್ಮ ವಾಳೂಜಿನಲ್ಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿದೆ, ನಾನಿನ್ನೂ ಒಂದು ಎಳೆತ ಎಳೆಯುವುದು, ಟೊಮ್ಯಾಟೊ ಕೊಯ್ದು ನೋಡುವುದು ಮಾಡುತ್ತಲೇ ಇದ್ದೇನೆ.