ಅರ್ಧ ಪಗಾರದ ಗಾಳಿ

ನನ್ನ ಸೋದರಮಾವನಷ್ಟು ನ್ಯಾಯವಂತ ಮನುಷ್ಯ ಇಡೀ ಆಳಂದ ತಾಲೂಕಿನಲ್ಲಿ ಇನ್ನೊಬ್ಬ ಇರಲಿಲ್ಲ. ಇರದಿದ್ದದ್ದೇ ಒಳ್ಳೆಯದಾಯಿತು. ಇಬ್ಬರಿದ್ದಿದ್ದರೆ ತಾಲೂಕು ಉಳಿಯುತ್ತಿರಲಿಲ್ಲ!

ಒಮ್ಮೆ ಹಿರೋಳ್ಳಿಯಿಂದ ಆಳಂದಕ್ಕೆ ಬರುವಾಗ ಬಾಡಿಗೆ ಬಂಡಿಯವನೊಡನೆ ಮಾಮಾನ ಚೌಕಾಸಿ ಬಗೆಹರಿಯಲಿಲ್ಲ. ಬಂಡಿಯವನು ಕೇಳಿದ್ದರಲ್ಲಿ ಸರಿಯಾಗಿ ಅರ್ಧವನ್ನು ಮಾಮಾ ಅವನ ಕೈಗಿಟ್ಟ. ಬಂಡಿಯವನು ಪುಣ್ಯಾತ್ಮ, ಹೋಗಲಿ ಬಿಡು ಎಂದು ಹತ್ತಿಸಿಕೊಂಡ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕಾಲು ಚಾಚಿ ಕೂತು ಆಳಂದದಲ್ಲಿ ಇಳಿಯುತ್ತಿದ್ದಿರಿ. ಮಾಮಾ ನಡುದಾರಿಯಲ್ಲೇ ಧುಮುಕಿಬಿಟ್ಟ. "ನಾ ಕೊಟ್ಟದ್ದು ಇಲ್ಲೀತನಕ" ಎಂದು ಹೇಳಿ, ಉಳಿದ ದಾರಿಯನ್ನು ಅದೇ ಬಂಡಿಯ ಪಕ್ಕದಲ್ಲಿ, ಅದೇ ಬಂಡಿಯವನೊಡನೆ ಹರಟೆ ಹೊಡೆಯುತ್ತ, ಸುಡುಬಿಸಿಲಲ್ಲಿ ನಡೆದುಕೊಂಡು ಬಂದ. ನಮ್ಮವ್ವ ತನ್ನ ತಮ್ಮನ ಅಂಗಾಲಿನ ಬೊಬ್ಬೆಗೆ ಕುಸುಬಿ ಎಣ್ಣೆ ಸವರುತ್ತ, "ಇವನ ನ್ಯಾಯಕ್ಕ ಬೆಂಕಿ ಹತ್ತಲಿ" ಎಂದಳು.

ಇಂಥವನಿಗೆ ಹತ್ತಿ ಗಿರಣಿಯಲ್ಲಿ ಕೆಲಸ ಕೊಡಿಸಿದ ಮೂರ್ಖ ನಾನೇ. ನಿಜಾಮರ ಕಾಲ ಅದು. ಕಾಗದಪತ್ರವೆಲ್ಲ ಉರ್ದುವಿನಲ್ಲಿ. ನಾಲ್ಕಕ್ಷರ ಉರ್ದು ಕಲಿತಿದ್ದ ಪುಣ್ಯಕ್ಕೆ ನಾನು ಆಳಂದದ ಒಂದು ಗಿರಣಿಯಲ್ಲಿ ಮುನಶಿಯಾಗಿದ್ದೆ. ಮಾಮಾ ಹತ್ತಿಯಿಂದ ಕಾಳು ಬೇರೆ ಮಾಡುವ ಯಂತ್ರದ ಮುಂದೆ ನಿಂತ. ಎರಡು ಸುಗ್ಗಿ ಏನೂ ತಕರಾರಿಲ್ಲದೆ ಕಳೆದವು.

ಮೂರನೆಯ ಸುಗ್ಗಿಯಲ್ಲಿ ಒಂದು ದಿನ ಯಂತ್ರದ ಚಕ್ರದಿಂದ ಅದನ್ನು ತಿರುಗಿಸುವ ತೊಗಲಿನ ಪಟ್ಟಾ ಜಾರಿತು. ಇಂಜಿನ್ ನಿಲ್ಲಿಸಿ ಪಟ್ಟಾ ಏರಿಸುವುದು ಸರಿಯಾದ ರೀತಿ. ಆದರೆ ಇಂಜಿನ್ ನಿಂತರೆ ಕೆಲಸ ನಿಲ್ಲುತ್ತದೆ, ಚಕ್ರ ತಿರುಗುತ್ತಿರುವಾಗಲೇ ಏರಿಸಿ ಎಂದು ನಮ್ಮ ಮ್ಯಾನೇಜರ್ ಸಾಹೇಬರ ಅಪ್ಪಣೆ. ಮಾಮಾ ಏರಿಸಿದ. ಪಟ್ಟಾ ಏರಿತು. ಬಲಗೈಯ ಎರಡು ಬೆರಳು ಹೋದವು.

ಸರ್ಕಾರಿ ದವಾಖಾನೆಯ ಡಾಕ್ಟರು ಗಾಯ ಮಾಯುವ ತನಕ ಹಗುರ ಕೆಲಸ ಕೊಡಬೇಕೆಂದು ಚೀಟಿ ಬರೆದರು. ಗಿರಣಿಯ ಮಾಲೀಕರಾದ ಸೇಠಜಿ ಸೊಲ್ಲಾಪುರದಿಂದಲೇ ಹೂಂ ಎಂದರು. ಪಗಾರದ ಮಾತು ಬಂದಾಗ ಮಾತ್ರ ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು ಒಂದು ಕಾಗದ ಬರೆಸಿದರು: ಕೆಲಸಗಾರನ ಸ್ವಂತ ಬೇಪರ್ವಾಯಿಯಿಂದ ಪೆಟ್ಟಾಗಿದೆ. ತಪ್ಪು ಕೆಲಸಗಾರನದಾದರೆ ಹಗುರ ಕೆಲಸಕ್ಕೆ ಅರ್ಧ ಪಗಾರ, ಗಿರಣಿಯದಾದರೆ ಪೂರ್ತಿ. ಒಂದು ಸಾಲಿನ ಮೇಲೆ ಅರ್ಧ ಪಗಾರ ನಿಂತಿತ್ತು, ಆ ಸಾಲನ್ನು ನಾನೇ ಬರೆದೆ. ಓದಲು ಬರದ ಮಾಮಾ ಎಡಗೈ ಹೆಬ್ಬೆಟ್ಟು ಒತ್ತುತ್ತ, "ನೀ ಬರದೀ ಅಂದಮ್ಯಾಲ ಮುಗೀತು ಅಳಿಯಾ" ಎಂದ. ರಿವಾಜಿನಂತೆ ಒಂದು ನಕಲನ್ನು ಅವನ ಕೈಗಿಟ್ಟೆ, ಅದರಲ್ಲಿ ಏನಿದೆಯೆಂದು ಹೇಳಬೇಕೆನಿಸಿತು. ಆದರೆ ಪರರ ನೌಕರಿ ಮಾಡುವವನಿಗೆ ದೇವರು ಗಂಟಲು ಕೊಟ್ಟಿರುವುದೇ ನುಂಗುವುದಕ್ಕೆ.

ಹಗುರ ಕೆಲಸವೆಂದರೆ ಯಾವುದು? ಮ್ಯಾನೇಜರ್ ಸಾಹೇಬರ ಕೋಣೆಯ ಪಂಖಾ ಎಳೆಯುವುದು. ಛತ್ತಿನಿಂದ ಇಳಿಬಿಟ್ಟ ಉದ್ದನೆಯ ಹಲಗೆ, ಅದಕ್ಕೆ ಬಟ್ಟೆಯ ಝಾಲರು, ಗೋಡೆಯ ತೂತಿನಿಂದ ಪಡಸಾಲೆಗೆ ಹಾಯ್ದ ಹಗ್ಗ. ಹೊರಗೆ ಕೂತು ಜಗ್ಗಿದರೆ ಒಳಗೆ ಗಾಳಿ. ಆ ಕೋಣೆಯ ಮೂಲೆಯಲ್ಲೇ ನನ್ನ ಮೇಜು. ನನಗೂ ತಂಪಾಯಿತು ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ನನ್ನ ಬುದ್ಧಿಗೆ ಏನು ಹೇಳಲಿ!

ಮೊದಲ ದಿನವೇ ಮಾಮಾ ಸಾಹೇಬರ ಮುಂದೆ ಬಂದು ಎರಡೂ ಅಂಗೈ ಚಾಚಿ ನಿಂತ.

"ಸಾಹೇಬ್ರ, ಹತ್ತು ಬೆರಳಾಗ ಎರಡು ಹೋಗ್ಯಾವ. ಎಂಟು ಅವ. ಪಗಾರ ಅರ್ಧ ಯಾಕ ಹೋಗಬೇಕ್ರಿ?"

ಸಾಹೇಬರು ನನ್ನ ಕಡೆ ನೋಡಿದರು. ನಾನು ದೌತಿಯಲ್ಲಿ ಮಸಿ ಎಷ್ಟಿದೆಯೆಂದು ನೋಡಿದೆ.

"ಹಂಗಾದ್ರ ಒಂದು ಮಾತು ಹೇಳ್ರಿ. ಮಧ್ಯಾಹ್ನದ ತನಕ ಪೂರಾ ಗಾಳಿ ಬೇಕೋ, ಸಂಜೀ ತನಕ ಅರ್ಧ ಗಾಳಿ ಬೇಕೋ?"

"ಕ್ಯಾ ತಮಾಷಾ ಹಚ್ಚೀದಿ? ಸಂಜೀ ಗಂಟಿ ಆಗೂತನಕ ಇಲ್ಲೇ ಕೂಡಬೇಕು. ನಡಿ" ಎಂದು ಸಾಹೇಬರು ಗದರಿದರು.

"ಆತ್ರಿ, ಅರ್ಧ ಗಾಳಿ" ಎಂದು ಮಾಮಾ ಹೊರಗೆ ಹೋದ.

ಹೋದವನು ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಗೋಡೆಗೆ ಒರಗಿದ. ಹತ್ತು ಸಲ ಜಗ್ಗಿದ. ನಿಲ್ಲಿಸಿದ. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ಕೂತ. ಮತ್ತೆ ಹತ್ತು ಸಲ ಜಗ್ಗಿದ. ಎಣಿಕೆ ನಮಗೆ ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ನಮ್ಮ ಕಡೆಯ ಬೇಸಿಗೆ ಬಲ್ಲವರಿಗೆ ಇದರ ಸಂಕಟ ಗೊತ್ತು. ಗಾಳಿ ಇಲ್ಲವೇ ಇಲ್ಲ ಎಂದರೆ ಮನುಷ್ಯ ಹೇಗೋ ತಡೆದುಕೊಂಡಾನು. ಹೀಗೆ ಬೆವರು ಆರುವಷ್ಟರಲ್ಲಿ ಗಾಳಿ ನಿಂತು, ಮತ್ತೆ ಬೆವರು ಇಳಿಯುವಷ್ಟರಲ್ಲಿ ಗಾಳಿ ಬಂದರೆ ಎಂಥವನಿಗೂ ತಲೆ ಕೆಡುತ್ತದೆ.

ಮೂರನೆಯ ದಿನ ನಾನೇ ಹೊರಗೆ ಹೋಗಿ ಕೈ ಮುಗಿದೆ. "ಮಾಮಾ, ಅಲ್ಲಿ ನಾನೂ ಕೂಡ್ತೇನಿ. ನನ್ನ ಪಗಾರೇನು ಅರ್ಧ ಆಗಿಲ್ಲಲ್ಲ."

ಮಾಮಾ ನನ್ನನ್ನೊಮ್ಮೆ, ಹಗ್ಗವನ್ನೊಮ್ಮೆ ನೋಡಿದ. "ಖರೇ ಅದ" ಎಂದ. "ಆದ್ರ ಹಗ್ಗ ಒಂದೇ ಅದಲ್ಲೋ."

ಹಾಗಂತ ಕೆಲಸದಲ್ಲಿ ಕಳ್ಳತನ ಮಾಡುತ್ತಿದ್ದನೇ? ಅದೂ ಇಲ್ಲ. ಒಂದು ಮಧ್ಯಾಹ್ನ ತೂಕಡಿಸಿ ಐದಾರು ಜಗ್ಗು ತಪ್ಪಿಸಿದ. ಎಚ್ಚರವಾದವನು ಗಾಬರಿಯಿಂದ ಒಳಗೆ ಇಣುಕಿ, "ಸಾಹೇಬ್ರ, ನಿಮ್ಮ ಗಾಳಿ ಸ್ವಲ್ಪ ಬಾಕಿ ಅದ, ಈಗ ಕೊಡ್ತೇನಿ" ಎಂದು ಹೇಳಿ ಒಂದೇ ಉಸಿರಿಗೆ ಜಗ್ಗಿದ. ಸಾಹೇಬರ ಮೇಜಿನ ಮೇಲಿದ್ದ ರಸೀದಿಗಳೆಲ್ಲ ಕೋಣೆ ತುಂಬ ಹಾರಾಡಿದವು. ಆಯ್ದು ಜೋಡಿಸಿದವನು ಯಾರೆಂದು ಬೇರೆ ಹೇಳಬೇಕೆ?

ಕೊನೆಗೊಂದು ದಿನ ತಹಸೀಲಿನಿಂದ ದೊಡ್ಡ ಅಧಿಕಾರಿಯೊಬ್ಬರು ಗಿರಣಿ ನೋಡಲು ಬಂದರು. ಶರಬತ್ತು ಬಂತು. ಪಂಖಾ ಹತ್ತು ಸಲ ತೂಗಿತು. ನಿಂತಿತು. ಅಧಿಕಾರಿ ಮೇಲೆ ನೋಡಿ, "ಪಂಖಾ ಕೆಟ್ಟದೇನು?" ಎಂದು ಕೇಳಿದರು.

ಗೋಡೆಯಾಚೆಯಿಂದ ಉತ್ತರ ಬಂತು. "ಕೆಟ್ಟಿಲ್ರಿ. ಇದು ಬಿಡೋ ಪಾಳಿ. ಅರ್ಧ ಪಗಾರ ಅದರಿ."

ಅಧಿಕಾರಿ ಶರಬತ್ತು ಮೂಗಿಗೇರುವಂತೆ ನಕ್ಕರು. ಅವರು ಹೋದ ಮೇಲೆ ಸಾಹೇಬರು ನಗಲಿಲ್ಲ. "ಇನ್ನ ಮೂರು ದಿನದಾಗ ಪೂರಾ ಗಾಳಿ ಬರಬೇಕು. ಇಲ್ಲಾಂದ್ರ ಮಾವ ಅಳಿಯ ಇಬ್ಬರಿಗೂ ಬಾಗಲ ತೋರಸ್ತೇನಿ" ಎಂದರು.

ಮನೆಗೆ ಬಂದು ಅವ್ವನ ಮುಂದೆ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ತಮ್ಮನನ್ನು ಹಿಡಿದುಕೊಂಡಳು. "ಲೇ, ಜಗ್ಗಿದ್ರ ನಿನ್ನ ಗಂಟೇನು ಹೋಗ್ತದ? ಹುಡುಗನ ನೌಕರಿ ಕಳೀತಿಯೇನು?"

"ಅಕ್ಕಾ, ಪೂರಾ ಜಗ್ಗಿದ್ರ ಅರ್ಧ ಪಗಾರ ಸರೀ ಅದ ಅಂತ ನಾನೇ ಒಪ್ಪಿಕೊಂಡಂಗ ಆಗ್ತದ. ತಪ್ಪು ನಂದಲ್ಲ" ಎಂದ ಮಾಮಾ, ಮೂರು ಬೆರಳಿನಲ್ಲಿ ರೊಟ್ಟಿ ಮುರಿಯಲು ಒದ್ದಾಡುತ್ತ. ನಾನು ಆ ಕಡೆ ನೋಡದೆ ಬೇಳೆ ಬಡಿಸಿಕೊಂಡೆ. ಅವನ ಮೇಲೆ ಬಂದಷ್ಟು ಸಿಟ್ಟು ನನಗೆ ಹುಟ್ಟಿದ ಮೇಲೆ ಯಾರ ಮೇಲೂ ಬಂದಿರಲಿಲ್ಲ.

ಮರುದಿನ ಸಾಹೇಬರು ಕೆಲಸದ ಮೇಲೆ ಕಲಬುರ್ಗಿಗೆ ಹೋದರು. ಕೋಣೆಯಲ್ಲಿ ನಾನೊಬ್ಬನೇ. ಕಾಗದ ಮುಂದಿಟ್ಟುಕೊಂಡು ಕೂತು ಎಷ್ಟೋ ಹೊತ್ತಾದ ಮೇಲೆ ಏನೋ ಒಂದು ಸರಿಯಿಲ್ಲ ಅನ್ನಿಸಿತು. ಬೆವರಿರಲಿಲ್ಲ. ಪಂಖಾ ತೂಗುತ್ತಿತ್ತು, ಒಂದೇ ಸಮ. ಹತ್ತು ಎಣಿಸಿದೆ, ನಿಲ್ಲಲಿಲ್ಲ. ಐವತ್ತು ಎಣಿಸಿದೆ, ನಿಲ್ಲಲಿಲ್ಲ. ಗೋಡೆಯಾಚೆ ಎಣಿಕೆಯೂ ಇರಲಿಲ್ಲ.

ಎದ್ದು ಹೊರಗೆ ಹೋದೆ. ಮಾಮಾ ಎಡಗೈಗೆ ಹಗ್ಗ ಸುತ್ತಿಕೊಂಡು ಮೈ ಬಗ್ಗಿಸಿ ಜಗ್ಗುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

"ಇವತ್ತ ಅರ್ಧ ಯಾಕಿಲ್ಲ ಮಾಮಾ?"

"ಸಾಹೇಬ ಇಲ್ಲಲ್ಲೋ. ಇದು ಪಗಾರದ ಗಾಳಿ ಅಲ್ಲ, ನಿಂದು. ಹೋಗು, ನಿನ್ನ ಕೆಲಸ ನೋಡು."

ನಾನು ಅವನ ಪಕ್ಕದಲ್ಲೇ ಕೂತೆ. "ಮಾಮಾ, ಆ ಕಾಗದದಾಗ ತಪ್ಪು ನಿಂದೇ ಅಂತ ಬರದೇನಿ. ನನ್ನ ಕೈಯಿಂದಲೇ ಬರದೇನಿ."

ಮಾಮಾ ಜಗ್ಗುವುದನ್ನು ನಿಲ್ಲಿಸಲಿಲ್ಲ. "ಗೊತ್ತದ. ಅದರ ನಕಲು ಕೊಟ್ಟಿದ್ದಿ ನೋಡು, ದವಾಖಾನಿ ಕಂಪೌಂಡರ್ ಓದಿ ಹೇಳಿದ. ಅವತ್ತೇ."

"ಮತ್ತ ನನಗ ಒಂದು ಮಾತು ಕೇಳಲಿಲ್ಲ?"

"ಏನು ಕೇಳ್ಲಿ? ಬರೀಲಿಲ್ಲಂದ್ರ ನಿನ್ನ ನೌಕರಿ ಹೋಗ್ತಿತ್ತು. ನಿನ್ನ ನೌಕರಿ ಹೋದ್ರ ಅಕ್ಕ ಏನು ಉಣ್ಣಬೇಕು? ನನ್ನ ಜಗಳ ಸಾಹೇಬನ ಕೂಡ ಅದ. ನಿನ್ನ ಕೂಡ ಯಾಕ ಜಗಳಾಡ್ಲಿ?"

ಒಂದು ತಿಂಗಳಿಂದ ಈ ಮನುಷ್ಯನಿಗೆ ನಾನು ಮನಸ್ಸಿನಲ್ಲಿ ಬೈದ ಬೈಗುಳಗಳೆಲ್ಲ ಒಂದೊಂದಾಗಿ ನೆನಪಾದವು. ನಾಚಿಕೆಯಾಯಿತು. ಒಳಗೆ ಹೋಗಿ ಹೊಸ ಕಾಗದ ತೆಗೆದೆ. ಇಂಜಿನ್ ನಿಲ್ಲಿಸಬಾರದೆಂಬ ಅಪ್ಪಣೆ ಯಾರದು, ಪಟ್ಟಾ ಯಾಕೆ ತಿರುಗುವ ಚಕ್ರಕ್ಕೆ ಏರಿಸಬೇಕಾಯಿತು ಎಂಬುದನ್ನೆಲ್ಲ ಬರೆದೆ. ಮೊದಲಿನ ಕಾಗದದಲ್ಲಿ ಸುಳ್ಳು ಬರೆದವನು ನಾನೇ ಎಂದೂ ಬರೆದೆ. ಗಾಳಿಗೆ ಕಾಗದ ಪಟಪಟ ಅಂದಿರಬೇಕು, ಆಚೆಯಿಂದ ಮಾಮಾ, "ಕಾಗದ ಹಾರಾಕತ್ತಾವೇನೋ? ಹಗೂರಕ ಜಗ್ಗಲೇನು?" ಎಂದು ಕೇಳಿದ. ಬೇಡ ಎಂದೆ. ಕಾಗದವನ್ನು ಅಂದಿನ ಟಪಾಲಿನಲ್ಲೇ ನೇರ ಸೇಠಜಿಗೆ ಕಳಿಸಿದೆ.

ಸಾಹೇಬರ ಗಡುವು ಮುಗಿಯುವ ಮೊದಲೇ ಉತ್ತರ ಬಂತು, ಸೇಠಜಿ ಮಾಮಾನಿಗೆ ಪೂರ್ತಿ ಪಗಾರ ಮಾಡಿದರು. ಕೈಗೆ ಪೆಟ್ಟಾದ ದಿನದಿಂದ ಎಣಿಸಿ ಬಾಕಿಯನ್ನೂ ಕೊಡಿಸಿದರು. ಸೇಠಜಿಗೆ ಅಂಜಿ ನನ್ನನ್ನು ನೌಕರಿಯಿಂದ ತೆಗೆಯಲಾಗದ ಸಾಹೇಬರು ಕೋಣೆಯಿಂದ ಎಬ್ಬಿಸಿ ತಗಡಿನ ಛತ್ತಿನ ಗೋದಾಮಿಗೆ ಹಾಕಿದರು. ಅಲ್ಲಿ ಪಂಖಾ ಇರಲಿಲ್ಲ. ಮಾಮಾ ಮಾತ್ರ ಅಂದಿನಿಂದ ಸಾಹೇಬರಿಗೆ ಒಂದು ಜಗ್ಗೂ ತಪ್ಪಿಸದೆ ಪೂರಾ ಗಾಳಿ ಕೊಡತೊಡಗಿದ. ನ್ಯಾಯವೆಂದರೆ ನ್ಯಾಯ! ನನಗೆ ಮೈ ಉರಿಯಿತು.

ಒಂದು ದಿನ ಮಧ್ಯಾಹ್ನ ಊಟದ ಗಂಟೆಯಾಯಿತು. ಹತ್ತಿಯ ಮೂಟೆಗಳ ನಡುವೆ ಬುತ್ತಿ ಬಿಚ್ಚುತ್ತಿದ್ದೆ. ಹಿಂದಿನಿಂದ ತಣ್ಣಗೆ ಗಾಳಿ ಬಂತು. ತಿರುಗಿ ನೋಡಿದರೆ ಮಾಮಾ ನನ್ನ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಈಚಲ ಬೀಸಣಿಕೆ ಬೀಸುತ್ತಿದ್ದ. ಹಿಡಿದದ್ದು ಬಲಗೈಯಲ್ಲಿ, ಉಳಿದ ಮೂರು ಬೆರಳಿನಲ್ಲಿ.

"ನಿನಗ ಊಟದ ರಜಾ ಅದಲ್ಲ ಮಾಮಾ, ಹೋಗಿ ಉಣ್ಣು. ಆ ಕೈಗೆ ಬ್ಯಾನಿ ಆಗ್ತದ" ಎಂದೆ.

"ಸುಮ್ಮ ಉಣ್ಣೋ" ಎಂದ ಮಾಮಾ. "ಡಾಕ್ಟರು ಹಗುರ ಕೆಲಸ ಮಾಡು ಅಂದಾರ."