ಕೇದಾರದಿಂದ ಬಂದ ಬಳ್ಳೊಳ್ಳಿ

ಬಳ್ಳೊಳ್ಳಿಗೆ ಪಾದಪೂಜೆಯೊಂದನ್ನು ಬಿಟ್ಟು ಉಳಿದೆಲ್ಲ ಸೇವೆ ಮಾಡಿದ ಮನುಷ್ಯ ಇಡೀ ವಿಜಾಪುರ ಜಿಲ್ಲೆಗೆ ಒಬ್ಬರೇ. ಅವರು ನಮ್ಮ ಮನೆಯಲ್ಲೇ ಇದ್ದರು! ನಮ್ಮ ಯಜಮಾನರ ಕಾಕಾ, ಅಂದರೆ ಚಿಕ್ಕಪ್ಪ. ಆಲಮಟ್ಟಿ ಕಾಲುವೆಗೆ ಸರಪಳಿ ಎಳೆದು ನೆಲ ಅಳೆಯುವ ನೌಕರಿ, ಬಾಗೇವಾಡಿಯ ನಮ್ಮ ಮನೆಯಲ್ಲಿ ಊಟ. ಅಳೆಯುವ ಚಟ ಊಟಕ್ಕೂ ಬರುತ್ತಿತ್ತು. ಒಮ್ಮೆ ನಾನು ಬಡಿದ ರೊಟ್ಟಿಗೆ ಟೇಪು ಹಿಡಿದು, "ಈ ಕಡೆ ಅರ್ಧ ಇಂಚು ಒತ್ತುವರಿ ಆಗೇತಿ ನೋಡವಾ" ಎಂದಿದ್ದರು!

ಎಪ್ಪತ್ತರ ದಶಕದ ಮಾತು. ನಾನಿನ್ನೂ ಹೊಸ ಸೊಸೆ. ಕಾಕಾ ಕೇದಾರ ಯಾತ್ರೆ ಮುಗಿಸಿ ಬಂದರು. ಯಾತ್ರೆಯಿಂದ ಜನ ಏನು ತರುತ್ತಾರೆ? ಗಂಗಾಜಲ, ರುದ್ರಾಕ್ಷಿ. ಇವರು ಅಂಗಿಯ ಒಳಕಿಸೆಯಿಂದ ತೆಗೆದದ್ದು ಎರಡು ಗಡ್ಡೆ!

"ಕಾಡುಬಳ್ಳೊಳ್ಳಿರಿ ವೈನಿ! ತಿನ್ನಾಕಲ್ಲ, ನೋಡಾಕ! ಉದ್ದನ ದಂಟು, ತುದಿಗೆ ಚೆಂಡಿನಂಥಾ ಹೂ. ಚೆಂಡಂದ್ರ ಒಂದು ಹೂವಲ್ಲರಿ, ಹತ್ತಾರು ನೇರಳೆ ಚಿಕ್ಕಿ, ಆಕಾಶದಾಗಿನ ನಕ್ಷತ್ರ ಇದ್ದಂಗ. ಒಂದೊಂದು ಚಿಕ್ಕಿಗೂ ಆರಾರು ಎಸಳು!"

ವೈನಿ ಎಂದರೆ ಕಾಕಾನ ಅತ್ತಿಗೆ, ನಮ್ಮ ಅತ್ತೆ. ಅವರು ಮೂಗು ಮುರಿದರು. "ಶಿವನ ಸನ್ನಿಧಿಗೆ ಹೋಗಿ ಬಳ್ಳೊಳ್ಳಿ ತಂದ್ಯಾ? ಸಿಂದಗಿ ಸಂತಿಗೆ ಹೋಗಿದ್ರ ಸೇರುಗಟ್ಟಲೆ ಸಿಗ್ತಿತ್ತಲ್ಲೋ!"

ಕಾಕಾ ಆ ಗಡ್ಡೆಗಳನ್ನು ಆರಲೆಂದು ಅಡುಗೆಮನೆಯಲ್ಲಿ ನಾವು ಬಳ್ಳೊಳ್ಳಿ ಇಡುವ ಗೂಡಿನಲ್ಲೇ ಇಟ್ಟರು. ಇಟ್ಟವರು ನನಗೊಂದು ಮಾತು ಹೇಳಬಾರದೇ? ಮರುದಿನ ರೊಟ್ಟಿಗೆ ಚಟ್ನಿಯೆಂದು ಶೇಂಗಾ ಹಿಂಡಿ ಕುಟ್ಟಲು ಕುಳಿತವಳು ಗೂಡಿಗೆ ಕೈಹಾಕಿದೆ, ಸಿಕ್ಕಿದ್ದನ್ನು ಸುಲಿದೆ, ಒರಳಿಗೆ ಹಾಕಿದೆ, ಕುಟ್ಟಿದೆ. ನಾಲ್ಕನೇ ಪೆಟ್ಟಿಗೆ ತಲೆಯೆತ್ತಿ ನೋಡಿದೆ. ಶಿವನೇ! ಗೂಡಿನಲ್ಲಿ ಕೇದಾರದ ಗಡ್ಡೆ ಒಂದೇ ಉಳಿದಿತ್ತು!

ಹೇಳೋಣವೆಂದರೆ ಅತ್ತೆ ಪಕ್ಕದಲ್ಲೇ. ಬಾಯಿ ಮುಚ್ಚಿಕೊಂಡು ಬಡಿಸಿದೆ. ಕಾಕಾ ರೊಟ್ಟಿಗೆ ಹಿಂಡಿ ಹಚ್ಚಿ ಬಾಯಿಗಿಟ್ಟರು. ಅಗಿಯುತ್ತಲೇ ಒರಳಿನತ್ತ ನೋಡಿದರು.

"ಬಳ್ಳೊಳ್ಳಿ ಹಾಕೂದು ಮರತೀಯೇನವಾ? ಘಾಟೇ ಇಲ್ಲಲ್ಲ!"

ಘಾಟಿಲ್ಲ ಎಂದವರು ಎರಡು ಸಲ ಹಾಕಿಸಿಕೊಂಡು ಒರಳು ಬರಿದು ಮಾಡಿದರು! ಆಮೇಲೆ ಗೂಡು ನೋಡಿ, "ಒಂದು ಗಡ್ಡಿ ಇಲಿ ಒಯ್ದೇತಿ, ಹೋಗ್ಲಿ ಬಿಡ್ರಿ" ಎಂದರು. ಪಾಪ, ಇಲಿಗೆ ಅಪವಾದ, ನನಗೆ ಪ್ರಾಣದಾನ. ಬಸವಣ್ಣನ ದಯೆ ದೊಡ್ಡದು! ಉಳಿದದ್ದು ಹೂಬಿಟ್ಟರೆ ಐದು ಸೋಮವಾರ ಉಪವಾಸ ಮಾಡುತ್ತೇನೆ, ಕಾಕಾನಿಗೆ ನಿಜವನ್ನೂ ಹೇಳುತ್ತೇನೆ ಎಂದು ದೇವರ ಜಗಲಿಯ ಮುಂದೆ ಹರಕೆ ಹೊತ್ತೆ. ಹೂಬಿಡದೆ ಹೋದರೆ? ಮನುಷ್ಯ ಎದೆಗವಚಿಕೊಂಡು ತಂದದ್ದನ್ನು ನಾನೇ ಹಾಳು ಮಾಡಿದ ಹಾಗೆ!

ಆ ಗಡ್ಡೆಗೆ ಥಂಡಿ ಬೇಕಂತೆ. ನಮ್ಮ ಬಿಸಿಲಿನಲ್ಲಿ ಹಿಮಾಲಯ ಎಲ್ಲಿಂದ ತರುವುದು? ಕಾಕಾ ಅದನ್ನು ಕುಂಡದಲ್ಲಿ ನೆಟ್ಟು ನೀರಿನ ಹರವಿಯ ಬುಡಕ್ಕೆ ಇಟ್ಟರು. ಮುದ್ದೇಬಿಹಾಳಕ್ಕೆ ಹೋದವರು ಗೋಣಿಯಲ್ಲಿ ಬರ್ಫ ಸುತ್ತಿಕೊಂಡು ಬಸ್ಸು ಹತ್ತಿದರು. ಮನೆ ಮುಟ್ಟಿದ್ದು ಹಸಿ ಗೋಣಿ ಮಾತ್ರ! ಅದನ್ನೇ ಕುಂಡಕ್ಕೆ ಸುತ್ತಿ, "ನಡೀತೈತಿ" ಎಂದರು.

ಯುಗಾದಿಗೆ ಮೊಳಕೆ ಬಂತು! ದಿನಾ ಬೆಳಿಗ್ಗೆ ಕಾಕಾನ ಟೇಪು, ಹಿಂದೆಯೇ ನನ್ನ ಊದಿನಕಡ್ಡಿ. ಉದ್ದುದ್ದ ಎಲೆಗಳು, ಹಿಸುಕಿದರೆ ಬಳ್ಳೊಳ್ಳಿಯದೇ ವಾಸನೆ. ಮಳೆಗಾಲಕ್ಕೆ ನಡುವಿನಿಂದ ದಂಟು ಎದ್ದಿತು. ಅದೇ ಹೊತ್ತಿಗೆ ಬುಡದ ಎಲೆಗಳು ಹಳದಿಯಾಗಬೇಕೇ! ನನ್ನ ಜೀವವೇ ಹಾರಿಹೋಯಿತು.

"ಕಾಕಾರ, ಸಾಯಾಕತ್ತೇತಲ್ರಿ!"

"ಸಾಯಾಕತ್ತಿಲ್ಲವಾ, ಹೂವಿಗೆ ಜಾಗಾ ಬಿಡಾಕತ್ತೇತಿ."

ಶ್ರಾವಣದ ಎರಡನೇ ಸೋಮವಾರ. ನೀರು ತುಂಬಲು ಹೋದವಳು ಕೊಡ ಬಿಟ್ಟು ಕೂಗಿದೆ. ಹೂ! ನೇರಳೆ ಚೆಂಡು! ಆರಾರು ಎಸಳಿನ ಚಿಕ್ಕಿಗಳು! ಓಣಿಯೆಲ್ಲ ನೆರೆಯಿತು. ಇಂಡಿಯಿಂದ ಬಂದಿದ್ದ ಬೀಗರು ಕುಂಡದ ಸುತ್ತ ಮೂರು ಸಲ ತಿರುಗಿದರು, ಪ್ರದಕ್ಷಿಣೆಯೋ, ಅನುಮಾನವೋ! "ಬಳ್ಳೊಳ್ಳಿ ಕುಲದ ಹೂ ಜಗಲಿ ಮ್ಯಾಲೆ ಇಡೂದಿಲ್ಲ" ಎಂದ ಅತ್ತೆಯೇ ಬಗ್ಗಿ ಬಗ್ಗಿ ನೋಡಿದರು.

ಜನ ಚದುರಿದ ಮೇಲೆ ಹರಕೆ ನೆನಪಾಯಿತು. ಕಾಕಾನ ಪಕ್ಕ ಹೋಗಿ ನಿಂತೆ.

"ಕಾಕಾರ... ಆ ಇನ್ನೊಂದು ಗಡ್ಡಿ ಇಲಿ ಒಯ್ದಿಲ್ರಿ."

ಕಾಕಾ ಟೇಪು ಸುತ್ತುತ್ತಲೇ ಇದ್ದರು.

"ಗೊತ್ತೈತಿ ಬಿಡವಾ. ಮೊದಲನೇ ತುತ್ತಿಗೇ ಗೊತ್ತಾತು."

"ಮತ್ತ ಎರಡೆರಡು ಸಲ ಯಾಕ ಹಾಕಿಸ್ಕೊಂಡ್ರಿ?"

"ಒರಳಾಗ ಉಳದಿದ್ರ ವೈನಿ ರುಚಿ ನೋಡ್ತಿದ್ರಲ್ಲ? ನೀ ಹೊಸಾ ಸೊಸಿ."

ಅಷ್ಟೇ ಹೇಳಿ, ಹೂವಿನ ಅಡ್ಡಳತೆ ಹಿಡಿಯಲು ಬಗ್ಗಿದರು. ಟೇಪಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಎಷ್ಟು ಇಂಚು ಎಂದು ಕೇಳಿದರು. ಕಣ್ಣಿಗೆ ಅಂಕಿ ಕಾಣಲೇ ಇಲ್ಲ.