ನ್ಯಾಯಾಧೀಶರ ಹೆಂಡತಿಯ ಕೈಗವಸು

ರಗಳೆ ಶುರುವಾದದ್ದು ಒಂದು ಕೈಗವಸಿನಿಂದ. ಅದೂ ನೂರೈವತ್ತು ವರ್ಷ ಹಳೆಯ ಕಾದಂಬರಿಯೊಳಗಿನ ಕೈಗವಸು.

ಅಂಗಿ ಹೊಲಿಯುವ ಆ ಶೆಡ್ಡಿನಲ್ಲಿ ಕತೆ ಓದಿ ಹೇಳುವವಳಿಗೆ ಓದಮ್ಮ ಎಂದೇ ಹೆಸರು. ಸೇರಿದ್ದೇನೋ ಹೊಲಿಯುವುದಕ್ಕೇ. ಆದರೆ ಅವಳು ಕೂರಿಸಿದ ತೋಳಿಗೆ ಕೈ ತೂರಿಸಿದವರು ಟ್ರಾಫಿಕ್ ಪೊಲೀಸರ ಹಾಗೆ ನಿಲ್ಲಬೇಕಾಗುತ್ತಿತ್ತು. ಗಂಟಲು ಮಾತ್ರ ಗಂಟೆಯಂಥದ್ದು. ಹಾಗಾಗಿ ಉಳಿದವರಿಗೆ ಬೇಸರವಾಗದಂತೆ ಎತ್ತರದ ಸ್ಟೂಲಿನ ಮೇಲೆ ಕೂತು ಕಾದಂಬರಿ ಓದುವ ಕೆಲಸ ಅವಳ ಪಾಲಿಗೆ ಬಂತು. ಮನೆಯಲ್ಲಿ ಅವಳ ಮಾತಿಗೆ ಯಾರೂ ತಲೆ ಎತ್ತುತ್ತಿರಲಿಲ್ಲ. ಇಲ್ಲಿ ಇಡೀ ಶೆಡ್ಡು ಕಿವಿಗೊಡುತ್ತಿತ್ತು. ಆ ಸ್ಟೂಲು ಅವಳ ಸಿಂಹಾಸನ.

ಅಂದು ಬೆಳಿಗ್ಗೆ ಕಾದಂಬರಿಯ ನ್ಯಾಯಾಧೀಶರ ಹೆಂಡತಿ, ಸಾರೋಟಿನಲ್ಲಿ ಎದುರು ಕೂತ ಕ್ಯಾಪ್ಟನ್ ನೋಡುತ್ತಿದ್ದಂತೆಯೇ, ಬಲಗೈ ಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸತೊಡಗಿದಳು.

ಮಿಷನ್ನುಗಳು ಗಕ್ಕನೆ ನಿಂತವು.

“ಅಯ್ಯೋ, ಕಟ್ಕೊಂಡ ಗಂಡ ಇರೋವಾಗ!” ಎಂದರು ಗುಂಡಿಗೆ ಕಾಜಾ ಹಾಕುವ ಅಜ್ಜಿ.

“ಆ ಗಂಡ ಮದುವೆ ಆದಾಗಿಂದ ಪೇಪರ್‌ನಿಂದ ತಲೆ ಎತ್ತಿಲ್ವಲ್ಲ ಅಜ್ಜಿ,” ಎಂದಳು ಕಾಲರ್ ಹೊಲಿಯುವವಳು. “ಅವಳಿಗೆ ತನಗೊಂದು ಕೈ ಇದೆ ಅಂತ್ಲೇ ಮರ್ತು ಹೋಗಿತ್ತೇನೋ, ಪಾಪ. ನೀನು ಓದೇ!”

“ಹೆಂಗಸಿಗೆ ಮರ್ಯಾದೆ ಬೇಡ್ವೇನೇ?”

“ಮರ್ಯಾದೆ ಗವಸಲ್ಲಿರುತ್ತಾ? ಹಾಗಾದ್ರೆ ಇಲ್ಲಿ ಯಾರಿಗೂ ಇಲ್ಲ ಬಿಡಿ.”

ಗದ್ದಲ ಕೇಳಿ ಮೇಲ್ವಿಚಾರಕಿ ಗಾಜಿನ ಕೋಣೆಯಿಂದ ಹೊರಬಂದರು. ಇಸ್ತ್ರಿ ಮಾಡಿ ಮಡಿಸಿಟ್ಟಂಥ ಮುಖ.

“ಇಲ್ಲಿ ಯಾರೂ ಏನೂ ಬಿಚ್ಚೋ ಹಾಗಿಲ್ಲ. ಆ ಕತೆಯವಳನ್ನ ದಾರಿಗೆ ತಾ. ಇಲ್ಲಾಂದ್ರೆ ಸ್ಟೂಲಿಳಿದು ಮಿಷನ್‌ಗೆ ಕೂರು.”

ಓದಮ್ಮ ಮತ್ತೆ ಓದತೊಡಗಿದಳು. ಪುಸ್ತಕದ ಮೇಲೆ ಕಣ್ಣು, ಬಾಯಲ್ಲಿ ಸ್ವಂತ ಕತೆ. ನ್ಯಾಯಾಧೀಶರ ಹೆಂಡತಿ ಗವಸನ್ನು ಮತ್ತೆ ತೊಟ್ಟಳು. ಜಾಗ್ರತೆಗೆ ಅದರ ಮೇಲೆ ಇನ್ನೊಂದು ಜೊತೆ. ಕ್ಯಾಪ್ಟನ್ ಯುದ್ಧಕ್ಕೆ ಹೋದ. ಅವಳು ಮನೆಗೆ ಬಂದು ಗಂಡನ ಕಾಲುಚೀಲ ಜೋಡಿಸಿದಳು. ಕಾಲುಚೀಲ ಮುಗಿದ ಮೇಲೆ ಕರವಸ್ತ್ರ.

ಮಧ್ಯಾಹ್ನದ ಹೊತ್ತಿಗೆ ಸದಾಚಾರವು ಶೆಡ್ಡಿನ ತುಂಬ ನಿದ್ದೆಮದ್ದಿನಂತೆ ಹರಡಿತ್ತು. ಮೊದಲು ಗೊರಕೆ ಹೊಡೆದದ್ದು ಅಜ್ಜಿಯೇ. ಇಸ್ತ್ರಿಯವನು ಆಕಳಿಸಿ ಕಣ್ಣು ಬಿಡುವಷ್ಟರಲ್ಲಿ ಬಿಳಿ ಅಂಗಿಯ ಬೆನ್ನು ರೊಟ್ಟಿಯಂತೆ ಸೀದಿತ್ತು.

ವಾಸನೆಗೆ ಮೇಲ್ವಿಚಾರಕಿ ಓಡಿಬಂದರು. “ಏನಿದು?”

“ನೀತಿ, ಮೇಡಂ. ನೀವೇ ಹೇಳಿದ್ದು,” ಎಂದಳು ಓದಮ್ಮ.

ಅವರು ಪುಸ್ತಕ ಕಿತ್ತುಕೊಂಡರು. “ಎಷ್ಟು ಕೆಟ್ಟಿದೆ ಅಂತ ನಾನೇ ನೋಡ್ತೀನಿ.”

ಗಾಜಿನಾಚೆ ಅವರು ಮೊದಲು ನಿಂತು ಓದಿದರು. ಆಮೇಲೆ ಕೂತರು. ಆಮೇಲೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು.

“ನಿನ್ನ ಸ್ಟೂಲು ಹೋಯ್ತು ಕಣೇ,” ಎಂದಳು ಕಾಲರಿನವಳು, ಸಾವಿನ ಮನೆಯಲ್ಲಿ ಸಮಾಧಾನ ಹೇಳುವವಳಂತೆ.

ಕೊನೆಗೆ ಮೇಲ್ವಿಚಾರಕಿ ಬಂದರು. ಕೆನ್ನೆ ಕೆಂಪಗಿತ್ತು.

“ಪುಸ್ತಕ ಪರವಾಗಿಲ್ಲ.”

ಓದಮ್ಮನಿಗೆ ಹೋದ ಜೀವ ಬಂತು.

“ಆದ್ರೆ ಇಂಥದ್ದನ್ನ ಯಾರ್ಯಾರೋ ಓದಬಾರದು. ಜವಾಬ್ದಾರಿ ಇರೋರು ಓದಬೇಕು. ಇಳಿ.”

ಓದಮ್ಮ ಮೂಲೆಯ ಖಾಲಿ ಮಿಷನ್ನಿಗೆ ಹೋದಳು. ಮೇಲ್ವಿಚಾರಕಿ ಸ್ಟೂಲೇರಿದರು. ಗವಸು ಬಿತ್ತು. ಸಾರೋಟಿನ ಕಿಟಕಿಗೆ ಪರದೆ ಬಿತ್ತು. ಆಮೇಲೆ ಕ್ಯಾಪ್ಟನ್ನನ ಉಸಿರು, ಬಿಚ್ಚಿದ ಜಡೆ, ಕುತ್ತಿಗೆಯ ಮೇಲಿನ ಮಚ್ಚೆ, ಒಂದೂ ಬಿಡದೆ ಬಂದವು. ಮಿಷನ್ನುಗಳು ಕುದುರೆಗಳಂತೆ ಓಡಿದವು. ಅಜ್ಜಿ ಸಹ, “ಪಾಪ, ಚಿಕ್ಕ ವಯಸ್ಸು,” ಎಂದರು.

ಕಾಲರಿನವಳು ಓದಮ್ಮನ ತೋಳು ಚಿವುಟಿದಳು. “ಇಷ್ಟೆಲ್ಲಾ ಇತ್ತಾ? ನೀನಾಗಿದ್ರೆ ನುಂಗಿಬಿಡ್ತಿದ್ದೆ, ಕಳ್ಳಿ!”

ಪುಸ್ತಕವನ್ನು ಓದಮ್ಮ ಮನೆಯಲ್ಲಿ ಆಗಲೇ ಓದಿ ಮುಗಿಸಿದ್ದಳು. ಪರದೆ ಬಿದ್ದ ಮೇಲೆ ಅಲ್ಲಿದ್ದದ್ದು ಮೂರು ಚುಕ್ಕಿ, ಅಷ್ಟೇ. ಮುಂದಿನ ಅಧ್ಯಾಯದಲ್ಲಿ ಆಕೆಗೆ ಕ್ಷಯ.

ಅವಳು ಮಿಷನ್ನಿನ ಕಾಲುಮಣೆ ನಿಲ್ಲಿಸಿ ಕತ್ತು ಚಾಚಿದಳು.

“ಮೇಡಂ, ಸ್ವಲ್ಪ ಜೋರಾಗಿ ಓದಿ. ಈ ಮೂಲೆಗೆ ಕೇಳಿಸ್ತಿಲ್ಲ!”